ರೈಲು ಕಟ್ಟೆ: ಎರಡೂ ತುದಿಗೆ ಇಂಜಿನ್ ಕಟ್ಟಿದ ಸ್ಕಾಟ್ಲೆಂಡಿನ ಗಾಡಿಗಳು

ಹೋದ ತಿಂಗಳ ಅಂಕಣದಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ, ಸ್ಕಾಟ್ಲೆಂಡಲ್ಲಿ ಎಡಿನ್‌ಬರಾ–ಗ್ಲಾಸ್ಗೋ ನಡುವಿನ 76 ಕಿಲೋಮೀಟರ್ ದಾರಿನ 1971ರಲ್ಲೇ 43 ನಿಮಿಷಕ್ಕೆ ಮುಗಿಸ್ತಿದ್ರು ಅಂತ. ಅಷ್ಟಕ್ಕೇ ಇಷ್ಟೊಂದು ಕಾಗದ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಸಕಲೇಶಪುರ ಎಲ್ಲಾ ಕಡೆಯಿಂದ ಬಂದಿದೆ, ವಾಟ್ಸಾಪಲ್ಲೂ ಬಂದಿದೆ. ಅದಕ್ಕೇ ಈ ಸಲ ಪೂರ್ತಿ ಅಂಕಣ ಆ ಗಾಡಿಗಳಿಗೇ ಬಿಟ್ಟಿದ್ದೀನಿ. ಹೊಸದಾಗಿ ಓದ್ತಿರೋರಿಗೆ ಒಂದು ಮಾತು: ನಮ್ಮಪ್ಪ ತಾಳಗುಪ್ಪ ಮೀಟರ್ ಗೇಜ್ ಲೈನಲ್ಲಿ ಪಾಯಿಂಟ್ಸ್‌ಮನ್, ಅಂದ್ರೆ ಹಳಿ ಬದಲಿಸೋದು, ಗಾಡಿ ಕಟ್ಟೋದು ಬಿಚ್ಚೋದು ಮಾಡೋ ಕೆಲಸದಲ್ಲಿ ಇದ್ದವರು, ನನಗೆ ರೈಲಿನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದ, ಆಮೇಲೆ 2019ರಲ್ಲಿ ಅಕ್ಕನ ಮಗಳು ಸ್ಕಾಟ್ಲೆಂಡಿನ ಫಾಲ್ಕಿರ್ಕ್ ಊರಲ್ಲಿ ಇದ್ದಾಗ ಎರಡು ತಿಂಗಳು ಅವಳ ಮನೇಲಿದ್ದು ಅಲ್ಲಿನ ಗಾಡಿಗಳಲ್ಲಿ ಮನಸ್ಸು ತುಂಬೋ ಅಷ್ಟು ಓಡಾಡಿದೆ.

ಪ್ರಶ್ನೆ (ವಿನೋಬನಗರ, ಶಿವಮೊಗ್ಗ): ಸಾರ್, ನಮ್ಮ ಶಿವಮೊಗ್ಗ–ಬೀರೂರು 60 ಚಿಲ್ಲರೆ ಕಿಲೋಮೀಟರಿಗೇ ಹೆಚ್ಚುಕಮ್ಮಿ ಒಂದು ಗಂಟೆ ಹಿಡಿಯುತ್ತೆ. 50 ವರ್ಷದ ಹಿಂದೆ 76 ಕಿಲೋಮೀಟರಿಗೆ 43 ನಿಮಿಷ ಅಂದ್ರೆ ನಂಬೋದು ಹೇಗೆ? ಅಂಥ ಇಂಜಿನ್ ಯಾವುದು?

ಉತ್ತರ: ನಂಬಿ, ನಿಜ. ಅದೂ ಮಧ್ಯೆ ಹೇಮಾರ್ಕೆಟ್, ಫಾಲ್ಕಿರ್ಕ್ ಹೈ ಅಂತ ಎರಡು ಕಡೆ ನಿಲ್ಲಿಸ್ಕೊಂಡು. ಲೆಕ್ಕ ಹಾಕಿದ್ರೆ ಸರಾಸರಿ ಗಂಟೆಗೆ 106 ಕಿಲೋಮೀಟರ್ ಬೀಳುತ್ತೆ. ಆದ್ರೆ "ಅಂಥ ಇಂಜಿನ್ ಯಾವುದು" ಅಂತ ಕೇಳಿದ್ರಲ್ಲ, ವಿಷಯ ಇರೋದೇ ಅಲ್ಲಿ. ಇಂಜಿನ್ ಏನೂ ವಿಶೇಷದ್ದಲ್ಲ. ಕ್ಲಾಸ್ 27 ಅಂತ 1250 ಅಶ್ವಶಕ್ತಿಯ ಸಾಧಾರಣ ಡೀಸೆಲ್ ಇಂಜಿನ್ನು, ಗೂಡ್ಸಿಗೂ ಕಟ್ಟೋರು ಪ್ಯಾಸೆಂಜರಿಗೂ ಕಟ್ಟೋರು. ಅವರು ಮಾಡಿದ ಕೆಲಸ ಏನಂದ್ರೆ ಆರು ಬೋಗಿಯ ರೇಕಿನ (ಒಟ್ಟಿಗೆ ಜೋಡಿಸಿದ ಬೋಗಿಗಳ ಸಾಲಿನ) ಮುಂದೆ ಒಂದು, ಹಿಂದೆ ಒಂದು ಅಂತ ಎರಡು ಇಂಜಿನ್ ಕಟ್ಟಿದ್ರು, ಬೋಗಿಗಳ ಉದ್ದಕ್ಕೂ ಒಂದು ಕೇಬಲ್ ಎಳೆದು ಮುಂದಿನ ಡ್ರೈವರೇ ಹಿಂದಿನ ಇಂಜಿನ್ನನ್ನೂ ನಡೆಸೋ ಹಾಗೆ ಮಾಡಿದ್ರು. ಆರೇ ಬೋಗಿಗೆ 2500 ಅಶ್ವಶಕ್ತಿ ಸಿಕ್ತು, ನಿಂತ ಜಾಗದಿಂದ ಎದ್ದು ಓಡೋಕೆ ತಡವೇ ಇಲ್ಲ, ಗಂಟೆಗೆ 145 ಕಿಲೋಮೀಟರ್ ಮುಟ್ಟಿಬಿಡೋದು.

ನಾನು ಯಾವಾಗ್ಲೂ ಹೇಳೋದು ಇದೇ, ಗಾಡಿಯ ಸ್ಪೀಡು ಬರೀ ಇಂಜಿನ್ನಲ್ಲಿ ಹುಡುಕಬಾರ್ದು, ಇಡೀ ರೇಕು ಹೇಗೆ ಕಟ್ಟಿದ್ದಾರೆ ನೋಡ್ಬೇಕು. ತಾಳಗುಪ್ಪದಲ್ಲಿ ಚಿಕ್ಕೋನಿದ್ದಾಗ ನಾನು ನೋಡ್ತಿದ್ದಿದ್ದು ಹೇಳ್ತೀನಿ ಕೇಳಿ. ಗಾಡಿ ಬಂದು ನಿಂತ ತಕ್ಷಣ ಅಪ್ಪ ಬಗ್ಗಿ ಬೋಗಿ ಮತ್ತು ಇಂಜಿನ್ ಸಂದಿಗೆ ಇಳಿಯೋರು, ಮೊದಲು ಹೋಸ್ ಪೈಪ್ ಬಿಚ್ಚೋರು, ಅದು ಬುಸ್ ಅನ್ನೋದು, ಆಮೇಲೆ ಕಪ್ಲಿಂಗ್ ಕಳಚಿ ಹೊರಗೆ ಬಂದು ಕೈ ಬೀಸೋರು, ಇಂಜಿನ್ ಮುಂದೆ ಹೋಗಿ ಪಕ್ಕದ ಲೈನಿಗೆ ಬಂದು ಇಡೀ ಗಾಡಿನ ದಾಟಿ ಆ ತುದಿಗೆ ಹೋಗಿ ಮತ್ತೆ ಕಟ್ಟಿಸ್ಕೊಂಡು ಬ್ರೇಕ್ ನೋಡಿ ಗಾರ್ಡ್ ಸೀಟಿ ಊದೋ ಹೊತ್ತಿಗೆ ಅರ್ಧ ಗಂಟೆ ಹೋಗಿರೋದು. ನಮಗೆ ದಿನಕ್ಕೆ ಒಂದೆರಡು ಗಾಡಿ, ನಡೀತಿತ್ತು. ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ಸ್ಟೇಷನ್ನೂ ಹಾಗೇ ಲೈನ್ ಮುಗಿಯೋ ಸ್ಟೇಷನ್, ಆದ್ರೆ ಅಲ್ಲಿ ಅರ್ಧ ಗಂಟೆಗೊಂದು ಗಾಡಿ. ಇಂಜಿನ್ ಸುತ್ತು ಹಾಕಿಸ್ತಾ ಕೂತ್ರೆ ಪ್ಲಾಟ್‌ಫಾರ್ಮ್ ಖಾಲಿನೇ ಆಗಲ್ಲ. ಎರಡೂ ತುದಿಗೆ ಇಂಜಿನ್ ಇದ್ರೆ ಡ್ರೈವರ್ ಇಳಿದು ನಡ್ಕೊಂಡು ಆ ಕಡೆ ಹೋಗಿ ಹತ್ತಿದ್ರೆ ಆಯ್ತು.

ಕ್ವೀನ್ ಸ್ಟ್ರೀಟಿಗೆ ಇನ್ನೊಂದು ಕಷ್ಟ ಇದೆ. ಸ್ಟೇಷನ್ ಗುಂಡಿಯಲ್ಲಿದೆ, ಪ್ಲಾಟ್‌ಫಾರ್ಮ್ ಬಿಟ್ಟ ಕೂಡಲೇ ಸುರಂಗ, ಸುರಂಗದಲ್ಲೇ ಏರು, 40–45 ಅಡಿ ಮುಂದೆ ಹೋದ್ರೆ 1 ಅಡಿ ಮೇಲೆ. 1842ರಲ್ಲಿ ಲೈನ್ ಶುರುವಾದಾಗ ಆ ಏರಿಗೆ ಗಾಡಿಗಳನ್ನ ಹಗ್ಗ ಕಟ್ಟಿ ಎಳೀತಿದ್ರು, ಮೇಲೆ ಕೌಲೇರ್ಸ್ ಅನ್ನೋ ಜಾಗದಲ್ಲಿ ನಿಂತ ಸ್ಟೀಮ್ ಯಂತ್ರ ಹಗ್ಗ ಸುತ್ತೋದು. 1908ರ ತನಕ ಹಾಗೇ ನಡೀತು, ಆಮೇಲೆ ಹಿಂದಿನಿಂದ ನೂಕೋ ಇಂಜಿನ್ ಬಂತು. ಹಿಂದೆಯೂ ಒಂದು ಇಂಜಿನ್ ಇದ್ರೆ ಆ ಏರಿನಲ್ಲಿ ಎಷ್ಟು ಅನುಕೂಲ ಅಂತ ನಿಮಗೇ ಗೊತ್ತಾಗುತ್ತೆ.

ಈ ಎರಡು ಇಂಜಿನ್ನಿನ ಗಾಡಿಗೂ ಮುಂಚೆ, 1957ರಿಂದ ಸ್ವಿಂಡನ್ನಲ್ಲಿ ಕಟ್ಟಿದ ಆರು ಬೋಗಿಯ ಡೀಸೆಲ್ ರೈಲ್‌ಕಾರ್ ಇತ್ತು, 55 ನಿಮಿಷದ ಆಸುಪಾಸು ತಗೊಳ್ಳೋದು. ಪಾಪ, ಆ ಕ್ಲಾಸ್ 27ಗಳನ್ನ ದಿನಾ ಬೆಳಗ್ಗಿಂದ ರಾತ್ರಿವರೆಗೆ ಪೂರ್ತಿ ಶಕ್ತಿಯಲ್ಲಿ ಓಡಿಸಿ ಓಡಿಸಿ ಅವು ಸೋತು ಹೋದ್ವು. 1979ರಲ್ಲಿ ಕ್ಲಾಸ್ 47/7 ಅಂತ 2580 ಅಶ್ವಶಕ್ತಿಯ ಒಂದೇ ಇಂಜಿನ್ ಒಂದು ತುದಿಗೆ ಕಟ್ಟಿ, ಇನ್ನೊಂದು ತುದಿಗೆ ಡ್ರೈವರ್ ಕೂರೋ ಕ್ಯಾಬಿನ್ ಇರೋ ಬೋಗಿ ಹಾಕಿದ್ರು. ವಾಪಸ್ ಬರುವಾಗ ಡ್ರೈವರ್ ಆ ಬೋಗಿಯಲ್ಲಿ ಕೂತು ಹಿಂದಿರೋ ಇಂಜಿನ್ನಿಗೆ ಆರ್ಡರ್ ಕಳಿಸೋದು, ಅದಕ್ಕೆ ಬೇರೆ ಕೇಬಲ್ಲೂ ಇಲ್ಲ, ಬೋಗಿಗಳ ದೀಪದ ಕಂಟ್ರೋಲಿಗೆ ಅಂತ ಮೊದಲೇ ಇದ್ದ ವೈರಿನಲ್ಲೇ ಸಿಗ್ನಲ್ ಕಳಿಸ್ತಿದ್ರು. ಇದು ನನಗೆ ತುಂಬಾ ಇಷ್ಟವಾದ ಇಂಜಿನಿಯರಿಂಗ್, ಇರೋದನ್ನೇ ಬಳಸ್ಕೊಂಡು ಹೊಸದು ಮಾಡೋದು.

ಈಗ ಅದೇ ಲೈನಿಗೆ ಕರೆಂಟ್ ಬಂದಿದೆ, 2017ರ ಕೊನೆಗೆ ಎಲೆಕ್ಟ್ರಿಕ್ ಗಾಡಿ ಶುರುವಾಯ್ತು, 2018ರಿಂದ ಕ್ಲಾಸ್ 385 ಅನ್ನೋ ಹೊಸ ಗಾಡಿ, ಗಂಟೆಗೆ 160 ಕಿಲೋಮೀಟರ್ ಓಡುತ್ತೆ. ಎಷ್ಟು ನಿಮಿಷ ಅಂದ್ರೆ, ಬೇಗ ಹೋಗೋ ಗಾಡಿಗೆ 42. ಅಂದ್ರೆ 1971ರ ಗಾಡಿಗಿಂತ ಒಂದು ನಿಮಿಷ ಕಮ್ಮಿ ಅಷ್ಟೆ. ಬದಲಾಗಿದ್ದು ಸೀಟು ಮತ್ತು ಗಾಡಿಯ ಸಂಖ್ಯೆ, ಅರ್ಧ ಗಂಟೆಗೊಂದು ಇದ್ದಿದ್ದು ಕಾಲು ಗಂಟೆಗೊಂದು ಆಯ್ತು, ಎಂಟು ಬೋಗಿ ಕಟ್ಟೋಕೆ ಆಗೋ ಹಾಗೆ ಕ್ವೀನ್ ಸ್ಟ್ರೀಟಿನ ಪ್ಲಾಟ್‌ಫಾರ್ಮ್ ಉದ್ದ ಮಾಡಿದ್ರು. ದಿನಾ ಓಡಾಡೋರಿಗೆ ಐದು ನಿಮಿಷ ಮುಂಚೆ ಮುಟ್ಟೋದಕ್ಕಿಂತ ಹೊರಟಾಗ ಗಾಡಿ ಸಿಗೋದು ದೊಡ್ಡದು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ (ಸಾಗರದ ಹತ್ತಿರದ ಒಂದು ಹಳ್ಳಿ): ಹಿಂದಿನಿಂದ ಇಂಜಿನ್ ನೂಕಿದ್ರೆ ಅಪಾಯ ಅಲ್ವಾ? ನಮ್ಮ ಕಡೆ ದನ ಹಳಿ ಮೇಲೆ ಬರೋದು ಸಾಮಾನ್ಯ. ಅಲ್ಲಿ ಹಾಗೇನಾದ್ರೂ ಆಗಿದೆಯಾ?

ಉತ್ತರ: ಆಗಿದೆ. ನೀವು ಕೇಳಿದ್ದೇ ಆಗಿದೆ, ದನವೇ. 1984ನೇ ಇಸವಿ ಜುಲೈ 30ರ ಸಂಜೆ, ಎಡಿನ್‌ಬರಾದಿಂದ ಐದೂವರೆಗೆ ಹೊರಟ ಗ್ಲಾಸ್ಗೋ ಗಾಡಿ, ನಾನು ಮೇಲೆ ಹೇಳಿದ್ನಲ್ಲ ಅದೇ ಥರ ಇಂಜಿನ್ ಹಿಂದೆ, ಡ್ರೈವರ್ ಕ್ಯಾಬಿನ್ನಿನ ಬೋಗಿ ಮುಂದೆ. ಪೋಲ್‌ಮಾಂಟ್ ಅನ್ನೋ ಊರಿನ ಹತ್ರ ಗಂಟೆಗೆ 135 ಕಿಲೋಮೀಟರ್ ಆಸುಪಾಸಿನಲ್ಲಿ ಬರ್ತಿತ್ತು. ಬಳಕೆಯಲ್ಲಿ ಇಲ್ಲದ ಒಂದು ಲೆವೆಲ್ ಕ್ರಾಸಿಂಗ್ ಹತ್ರ ಬೇಲಿ ಕಿತ್ತು ಹೋಗಿತ್ತು, ಅಲ್ಲಿಂದ ಒಂದು ಹಸು ಹಳಿಗೆ ಬಂದಿತ್ತು. ಇಂಜಿನ್ ಮುಂದಿದ್ದಿದ್ರೆ ಅದು 110 ಟನ್ ಮೇಲಿನ ಭಾರ, ಒತ್ತಿಕೊಂಡು ಹೋಗಿಬಿಡ್ತಿತ್ತು ಏನೋ. ಮುಂದಿದ್ದ ಬೋಗಿ ಅದರ ಮೂರನೇ ಒಂದು ಭಾಗದ ಆಸುಪಾಸು ಭಾರ, ಹಸುವಿನ ಮೈ ಚಕ್ರದ ಅಡಿಗೆ ಸಿಕ್ಕಿ ಬೋಗಿ ಹಳಿಯಿಂದ ಎದ್ದುಬಿಡ್ತು, ಹಿಂದಿನಿಂದ ಉಳಿದ ಗಾಡಿ ಬಂದು ಒತ್ತಿತು. 13 ಜನ ತೀರ್ಕೊಂಡ್ರು, ಅರವತ್ತಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯ್ತು.

ಅದಾದ್ಮೇಲೆ ಅಂಥ ಬೋಗಿಗಳ ಮುಂದೆ ಹಳಿಯಿಂದ ಸ್ವಲ್ಪವೇ ಮೇಲೆ ಬರೋ ಹಾಗೆ ಗಟ್ಟಿ ಕಬ್ಬಿಣದ ಅಡ್ಡ ಹಲಗೆ ಕೂರಿಸಿದ್ರು, ಎದುರಿಗೆ ಸಿಕ್ಕಿದ್ದನ್ನ ಪಕ್ಕಕ್ಕೆ ತಳ್ಳೋಕೆ. ಬೇಲಿ ವಿಚಾರದಲ್ಲಿ ಬಿಗಿಯಾದ್ರು, ಹಳಿಯ ಬೇಲಿ ಒಳಗೆ ದೊಡ್ಡ ಪ್ರಾಣಿ ಕಂಡ್ರೆ ಗಾಡಿಗಳನ್ನ ನಿಧಾನ ಮಾಡಿಸೋ ರೂಲ್ಸ್ ಬಂತು. ನಾನು 2019ರಲ್ಲಿ ಪೋಲ್‌ಮಾಂಟ್ ಮೇಲೆ ಎಷ್ಟೋ ಸಲ ಹೋದೆ, ಅಕ್ಕನ ಮಗಳ ಮನೆಯಿಂದ ಎಡಿನ್‌ಬರಾ ಕಡೆಗೆ ಹೋಗೋ ದಾರಿಯಲ್ಲೇ ಅದು ಸಿಗೋದು, ಹಸಿರು ಗದ್ದೆ, ಮೇಯೋ ದನ, ಎಲ್ಲಾ ನಮ್ಮ ಆನಂದಪುರದ ಕಡೆ ಹಾಗೇ ಕಾಣುತ್ತೆ. ಆದ್ರೆ ಹಳಿ ಪಕ್ಕ ಬೇಲಿ ಎಲ್ಲೂ ಬಿಟ್ಟಿಲ್ಲ. ನಮ್ಮಲ್ಲೂ 2022ರಲ್ಲಿ ಗುಜರಾತಲ್ಲಿ ವಂದೇ ಭಾರತ್ ಗಾಡಿ ಎಮ್ಮೆಗಳಿಗೆ ಬಡಿದು ಮುಂಭಾಗ ಒಡೆದಿದ್ದು ನೆನಪಿರಬೇಕು. ಸ್ಪೀಡ್ ಜಾಸ್ತಿ ಮಾಡೋ ಲೈನಿಗೆ ಮೊದಲು ಬೇಲಿ ಬೇಕು, ಆಮೇಲೆ ಹೊಸ ಗಾಡಿ. ದನ ಕಟ್ಟಿ ಸಾಕೋ ಜವಾಬ್ದಾರಿ ನಮ್ಮದೂ ಇದೆ, ಇದನ್ನ ನಮ್ಮೂರ ಜನಕ್ಕೆ ಹೇಳೋಕೆ ನನಗೆ ಸಂಕೋಚ ಇಲ್ಲ.

ಪ್ರಶ್ನೆ (ಸಕಲೇಶಪುರ): ನಮ್ಮ ಸುಬ್ರಹ್ಮಣ್ಯ ಘಾಟಿಯಲ್ಲಿ ಹಿಂದೆ ಬ್ಯಾಂಕರ್ ಇಂಜಿನ್ ಹಾಕ್ತಾರೆ. ಸ್ಕಾಟ್ಲೆಂಡಲ್ಲೂ ಅಂಥ ಘಾಟಿ ಇದೆಯಾ?

ಉತ್ತರ: ಇದೆ, ಬೀಟಕ್ ಅಂತ. ಲಂಡನ್ನಿಂದ ಗ್ಲಾಸ್ಗೋಗೆ ಹೋಗೋ ಪಶ್ಚಿಮದ ಮೇನ್ ಲೈನಲ್ಲಿ ಸುಮಾರು 16 ಕಿಲೋಮೀಟರ್ ಒಂದೇ ಸಮ ಏರು, ಸುಮಾರು 75ಕ್ಕೆ 1. ನಿಮ್ಮ ಘಾಟಿ 50ಕ್ಕೆ 1, ಅದೂ 55 ಕಿಲೋಮೀಟರ್, ಸುರಂಗಗಳೇ 57, ಹಾಗಾಗಿ ಏರಿನಲ್ಲಿ ನಿಮ್ಮದೇ ದೊಡ್ಡದು. ವ್ಯತ್ಯಾಸ ಏನಂದ್ರೆ ನಿಮ್ಮಲ್ಲಿ ಗಾಡಿ ನಿಧಾನಕ್ಕೆ ಹತ್ತುತ್ತೆ, ಅಲ್ಲಿ ಎಕ್ಸ್‌ಪ್ರೆಸ್ಸುಗಳು ಕೆಳಗಿನಿಂದಲೇ ಓಡ್ಕೊಂಡು ಬಂದು ಆ ರಭಸದಲ್ಲಿ ಹತ್ತೋಕೆ ನೋಡ್ತಿದ್ವು. ಭಾರದ ಗಾಡಿ ಆದ್ರೆ ಕೆಳಗೆ ಬೀಟಕ್ ಸ್ಟೇಷನ್ನಲ್ಲಿ ನಿಂತು, ಹಿಂದಿನಿಂದ ಬ್ಯಾಂಕರ್ ಬಂದು ಆನಿಸ್ಕೊಂಡು ನೂಕ್ತಿತ್ತು, ತುದಿ ಮುಟ್ಟಿದ ಮೇಲೆ ಅದು ಹಿಂದುಳ್ಕೊಂಡು ವಾಪಸ್ ಇಳಿಯೋದು.

ಡೀಸೆಲ್ ಬಂದ ಮೇಲೆ, 1970ರಲ್ಲಿ, ಕರೆಂಟ್ ಲೈನ್ ಇಲ್ಲದ ಉತ್ತರದ ಭಾಗಕ್ಕೆ 2700 ಅಶ್ವಶಕ್ತಿಯ ಕ್ಲಾಸ್ 50 ಇಂಜಿನ್ ಎರಡೆರಡು ಕಟ್ಟಿ ಲಂಡನ್–ಗ್ಲಾಸ್ಗೋ 645 ಕಿಲೋಮೀಟರನ್ನ ಆರು ಗಂಟೆಗೆ ತಂದ್ರು. 1974ರ ಮೇನಲ್ಲಿ ಗ್ಲಾಸ್ಗೋ ತನಕ ಕರೆಂಟ್ ಲೈನ್ ಮುಗೀತು, ಕ್ಲಾಸ್ 87 ಅನ್ನೋ 5000 ಅಶ್ವಶಕ್ತಿಯ ಒಂದೇ ಇಂಜಿನ್, ಅದೇ ದಾರಿ ಐದು ಗಂಟೆ. ಎರಡು ಡೀಸೆಲ್ ಜೋಡಿಯ ಕೆಲಸ ಒಂದೇ ಎಲೆಕ್ಟ್ರಿಕ್ ಇಂಜಿನ್ ಮಾಡ್ತು, ಬೀಟಕ್ ಏರು ಪ್ಯಾಸೆಂಜರ್ ಗಾಡಿಗೆ ಲೆಕ್ಕಕ್ಕೇ ಇಲ್ಲ ಅನ್ನೋ ಹಾಗಾಯ್ತು. ಅದು ಸರಿಯಾದ ದಾರಿ ಅಂತ ಈಗ ನಮ್ಮ ಘಾಟಿ ನೋಡಿದಾಗಲೂ ಅನ್ಸುತ್ತೆ.

ಪ್ರಶ್ನೆ (ಚಿಕ್ಕಮಗಳೂರು): ತಿರುವಿನಲ್ಲಿ ಬಾಗಿ ಓಡೋ ಗಾಡಿ ಅಂತ ಎಲ್ಲೋ ಓದಿದ್ದೆ. ಮಲೆನಾಡಿನ ತಿರುವಿಗೆ ಆಗಬಹುದಲ್ವಾ?

ಉತ್ತರ: ನೀವು ಓದಿದ್ದು ಎಪಿಟಿ ಬಗ್ಗೆ ಇರಬೇಕು, ಬ್ರಿಟಿಷ್ ರೈಲ್ ಕಟ್ಟಿದ ಗಾಡಿ. ಅದನ್ನ ಓಡಿಸಿದ್ದು ಗ್ಲಾಸ್ಗೋ–ಲಂಡನ್ ಲೈನಲ್ಲೇ, ಯಾಕಂದ್ರೆ ಆ ಲೈನ್ ಗುಡ್ಡದ ಸಂದಿಯಲ್ಲಿ ತಿರುವು ತಿರುವಾಗಿದೆ. ಬೈಕಿನವನು ತಿರುವಿನಲ್ಲಿ ಹೇಗೆ ಒಳಗಡೆ ವಾಲ್ತಾನೋ ಹಾಗೇ ಬೋಗಿಗಳು ವಾಲೋದು. 1981ರ ಡಿಸೆಂಬರ್ 7ಕ್ಕೆ ಗ್ಲಾಸ್ಗೋದಿಂದ ಲಂಡನ್ನಿಗೆ 4 ಗಂಟೆ 14 ನಿಮಿಷಕ್ಕೆ ಬಂತು. ಆದ್ರೆ ಚಳಿಗೆ ತೊಂದರೆ, ವಾಲೋ ಯಂತ್ರ ಕೈಕೊಡೋದು, ಕೆಲವೇ ದಿನಕ್ಕೆ ಜನರ ಸೇವೆಯಿಂದ ತೆಗೆದ್ರು. 1984ರಲ್ಲಿ ಲಂಡನ್ನಿಂದ ಗ್ಲಾಸ್ಗೋಗೆ 4 ಗಂಟೆಗಿಂತ ಕಮ್ಮಿ, 3 ಗಂಟೆ 52 ನಿಮಿಷದಲ್ಲಿ ಮುಟ್ಟಿಸಿ ತೋರಿಸಿದ್ರು, ಆದ್ರೂ ಯೋಜನೆ ಉಳೀಲಿಲ್ಲ.

ಇದರ ರೇಕು ಇನ್ನೂ ವಿಚಿತ್ರ. ಇಂಜಿನ್ ಎರಡೂ ಗಾಡಿಯ ಹೊಟ್ಟೆಯಲ್ಲಿ, ಸರಿಯಾಗಿ ನಡುಮಧ್ಯೆ! ಎರಡೂ ತುದಿಗೆ ಒಂದೊಂದು ಹಾಕಿದ್ರೆ ಎರಡು ಪ್ಯಾಂಟೋಗ್ರಾಫ್, ಅಂದ್ರೆ ಕರೆಂಟ್ ತಗೊಳ್ಳೋ ಚಾವಣಿ ಮೇಲಿನ ಕೈಗಳು, ಮೇಲಿನ ವೈರನ್ನ ಮುಟ್ಟಬೇಕು, ಆ ಸ್ಪೀಡಿಗೆ ಮೊದಲನೇದು ವೈರನ್ನ ಅಲುಗಾಡಿಸಿಬಿಟ್ರೆ ಎರಡನೇದಕ್ಕೆ ಕರೆಂಟ್ ಸರಿಯಾಗಿ ಸಿಗಲ್ಲ, ಅದಕ್ಕೆ ಎರಡನ್ನೂ ನಡುವೆ ಸೇರಿಸಿದ್ರು. ಆದ್ರೆ ಈ ಕಡೆ ಅರ್ಧದ ಪ್ರಯಾಣಿಕರು ಆ ಕಡೆ ಅರ್ಧಕ್ಕೆ ಹೋಗೋ ಹಾಗಿಲ್ಲ, ಊಟದ ವ್ಯವಸ್ಥೆಯೂ ಎರಡೆರಡು. ಮಲೆನಾಡಿಗೆ ಆಗುತ್ತಾ ಅಂದ್ರೆ, ನಮ್ಮ ತಿರುವುಗಳಲ್ಲಿ ಸ್ಪೀಡ್ ಕಮ್ಮಿ ಇರೋದಕ್ಕೆ ಏರು, ಮಣ್ಣು ಕುಸಿತ, ಒಂಟಿ ಲೈನು ಎಲ್ಲಾ ಕಾರಣ ಇದೆ, ವಾಲೋ ಗಾಡಿ ಅವನ್ನ ಸರಿ ಮಾಡಲ್ಲ.

ಪ್ರಶ್ನೆ (ತೀರ್ಥಹಳ್ಳಿ, ಕಾಲೇಜು ವಿದ್ಯಾರ್ಥಿನಿ): ಬ್ರಿಟನ್ನಿನ ಅತಿ ಎತ್ತರದ ಮೇನ್ ಲೈನ್ ಸ್ಕಾಟ್ಲೆಂಡಲ್ಲಿದೆ ಅಂತಾರೆ. ನಮ್ಮ ಆಗುಂಬೆಗಿಂತ ಎತ್ತರನಾ ಅಂಕಲ್?

ಉತ್ತರ: ಇಲ್ಲಮ್ಮ, ಆಗುಂಬೆ ಬಿಡು, ಶಿವಮೊಗ್ಗ ಪೇಟೆಗಿಂತಲೂ ಕೆಳಗೇ! ಪರ್ತ್‌ನಿಂದ ಇನ್ವರ್ನೆಸ್‌ಗೆ ಹೋಗೋ 190 ಕಿಲೋಮೀಟರ್ ಲೈನಲ್ಲಿ ಡ್ರಮಾಕ್ಟರ್ ಅಂತ ಕಣಿವೆ, 1484 ಅಡಿ, ಅಂದ್ರೆ 452 ಮೀಟರ್. ನಮ್ಮ ಶಿವಮೊಗ್ಗ 560 ಮೀಟರ್ ಮೇಲಿದೆ. ಆದ್ರೆ ಅಷ್ಟಕ್ಕೇ ಸಣ್ಣದು ಅಂದ್ಕೋಬೇಡ, ಇನ್ವರ್ನೆಸ್ ಸಮುದ್ರದ ದಡದಲ್ಲಿದೆ, ಅಲ್ಲಿಂದ ಹೊರಟ ಗಾಡಿ ಮೊದಲು ಸ್ಲಾಕ್ಡ್ ಅನ್ನೋ 1315 ಅಡಿಯ ಏರು ಹತ್ತಬೇಕು, ಇಳೀಬೇಕು, ಮತ್ತೆ ಡ್ರಮಾಕ್ಟರ್ ಹತ್ತಬೇಕು. ಚಳಿಗಾಲದಲ್ಲಿ ಹಿಮ ಬಿದ್ದು ಲೈನ್ ಮುಚ್ಚಿಹೋಗೋದು, ಇಂಜಿನ್ನಿಗೆ ನೇಗಿಲು ಕಟ್ಟಿ ತೆಗೀತಿದ್ರು.

ಹಾಗಾಗಿ ಆ ಲೈನಲ್ಲಿ ಸ್ಟೀಮ್ ಕಾಲದಿಂದಲೂ ಜೋಡಿ ಇಂಜಿನ್ ರೂಢಿ. ಬ್ರಿಟನ್ನಿನ ಮೊಟ್ಟಮೊದಲ 4-6-0 ಇಂಜಿನ್, ಅಂದ್ರೆ ಮುಂದೆ ನಾಲ್ಕು ಸಣ್ಣ ಚಕ್ರ ಆಮೇಲೆ ಆರು ದೊಡ್ಡ ಚಕ್ರದ್ದು, ಕಟ್ಟಿಸಿದ್ದು ಇದೇ ಹೈಲೆಂಡ್ ರೈಲ್ವೆ, 1894ರಲ್ಲಿ. ಡೀಸೆಲ್ ಬಂದ ಮೇಲೂ ಕ್ಲಾಸ್ 24, ಕ್ಲಾಸ್ 26 ಇಂಜಿನ್ನುಗಳನ್ನ ಎರಡೆರಡು ಕಟ್ಟೋರು. ನಾನು ಹೋದಾಗ ಕಣಿವೆ ತುದಿಯಲ್ಲಿ ಹಳಿ ಪಕ್ಕ ಎತ್ತರ ಬರೆದ ಬೋರ್ಡ್ ಬಂತು, ಕಿಟಕಿಗೆ ಮುಖ ಹಚ್ಚಿ ಕಾಯ್ತಾ ಕೂತಿದ್ದೆ, ಜೂನ್ ತಿಂಗಳು, ಮಳೆ ಹನಿ ಗಾಜಿನ ಮೇಲೆ ಅಡ್ಡಡ್ಡ ಓಡ್ತಿತ್ತು, ಹೊರಗೆ ಒಂದು ಮರ ಇಲ್ಲ, ಬರೀ ಬೋಳುಗುಡ್ಡ, ಕುದುರೆಮುಖದ ಹುಲ್ಲುಗಾವಲಲ್ಲಿ ರೈಲು ಓಡಿಸಿದ ಹಾಗೆ.

ಪ್ರಶ್ನೆ (ಭದ್ರಾವತಿ): ಎರಡು ರೈಲ್ವೆ ಕಂಪನಿಗಳು ಪಂದ್ಯ ಕಟ್ಟಿ ಗಾಡಿ ಓಡಿಸಿದ್ವು ಅಂತ ಕೇಳಿದ್ದೀನಿ, ನಿಜವಾ? ಎಷ್ಟು ಬೋಗಿ ಎಳೀತಿದ್ವು?

ಉತ್ತರ: ನಿಜ, 1895ರ ಬೇಸಿಗೆಯಲ್ಲಿ. ಲಂಡನ್ನಿಂದ ಅಬರ್ಡೀನಿಗೆ ಪೂರ್ವದ ದಾರಿಯವರು, ಪಶ್ಚಿಮದ ದಾರಿಯವರು ಇಬ್ಬರೂ ರಾತ್ರಿ 8ಕ್ಕೆ ಬೇರೆ ಬೇರೆ ಸ್ಟೇಷನ್ನಿಂದ ಹೊರಡೋರು, ರಾತ್ರಿಯಿಡೀ ಓಡಿ ಮಾಂಟ್ರೋಸ್ ಹತ್ರ ಕಿನ್ನೇಬರ್ ಅನ್ನೋ ಜಂಕ್ಷನ್ನಲ್ಲಿ ಎರಡೂ ಲೈನ್ ಸೇರೋದು, ಅಲ್ಲಿಂದ ಅಬರ್ಡೀನಿಗೆ ಒಂದೇ ಲೈನ್. ಹಾಗಾಗಿ ಕಿನ್ನೇಬರ್ ಯಾರು ಮೊದಲು ಮುಟ್ತಾರೋ ಅವರೇ ಗೆದ್ದ ಹಾಗೆ. ಒಂದು ರಾತ್ರಿ ಎರಡೂ ಗಾಡಿ ಬರ್ತಿದೆ ಅನ್ನೋ ಸೂಚನೆಯ ಗಂಟೆ ಅಲ್ಲಿ ಒಟ್ಟಿಗೇ ಬಾರಿಸ್ತು, ಅಲ್ಲಿದ್ದ ಸಿಗ್ನಲ್‌ಮನ್ ಪಶ್ಚಿಮದ ಕಂಪನಿಯವನೇ ಆದ್ರೂ ಎದುರಾಳಿ ಗಾಡಿಗೆ ದಾರಿ ಬಿಟ್ಟ ಅಂತ ಒಂದು ಕತೆ ಹೇಳ್ತಾರೆ, ನನಗೆ ಆ ಕತೆ ಬಹಳ ಇಷ್ಟ.

ಕೊನೆಗೆ ಆಗಸ್ಟ್ 22ರ ರಾತ್ರಿ ಪಶ್ಚಿಮದವರು 540 ಮೈಲಿ, ಅಂದ್ರೆ 869 ಕಿಲೋಮೀಟರನ್ನ 512 ನಿಮಿಷಕ್ಕೆ ಓಡಿಸಿದ್ರು. ಸರಾಸರಿ ಗಂಟೆಗೆ 102 ಕಿಲೋಮೀಟರ್, ಸ್ಟೀಮ್ ಇಂಜಿನ್ನಲ್ಲಿ, 1895ರಲ್ಲಿ! ಬೋಗಿ ಎಷ್ಟು ಅಂದ್ರೆ ಬರೀ ಮೂರು. ನೀವು ಬೋಗಿ ಲೆಕ್ಕ ಕೇಳಿದ್ದು ಅದಕ್ಕೇ ಖುಷಿಯಾಯ್ತು, ಸ್ಪೀಡ್ ಓದೋರೆಲ್ಲಾ ಬೋಗಿ ಎಷ್ಟು ಅಂತ ಕೇಳೋದೇ ಇಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಅಬರ್ಡೀನಲ್ಲಿ ಇಳಿದು ಜನ ಏನು ಮಾಡಬೇಕು, ಅದನ್ನ ಯಾರೂ ಯೋಚಿಸಿರ್ಲಿಲ್ಲ.

ಮರುವರ್ಷ ಇಂಗ್ಲೆಂಡಿನ ಪ್ರೆಸ್ಟನ್ನಲ್ಲಿ ಸ್ಕಾಟ್ಲೆಂಡಿನ ಗಾಡಿಯೊಂದು ತಿರುವಿನಲ್ಲಿ ಸ್ಪೀಡ್ ಜಾಸ್ತಿಯಾಗಿ ಹಳಿ ತಪ್ಪಿದ ಮೇಲೆ ಎರಡೂ ಕಡೆಯವರು ಕೂತು ಒಪ್ಪಂದ ಮಾಡ್ಕೊಂಡ್ರು, ಲಂಡನ್–ಎಡಿನ್‌ಬರಾ ಹಗಲಿನ ಗಾಡಿ ಎಂಟೂಕಾಲು ಗಂಟೆಗಿಂತ ಬೇಗ ಹೋಗೋ ಹಾಗಿಲ್ಲ ಅಂತ. ಅದು 1932ರವರೆಗೂ ನಡೀತು! ಅದಕ್ಕೇ 1928ರ ಮೇ 1ರಿಂದ ಫ್ಲೈಯಿಂಗ್ ಸ್ಕಾಟ್ಸ್‌ಮನ್ 632 ಕಿಲೋಮೀಟರ್ ಎಲ್ಲೂ ನಿಲ್ಲದೆ ಹೋದ್ರೂ ತಗೊಂಡಿದ್ದು ಎಂಟೂಕಾಲು ಗಂಟೆಯೇ. ನಿಲ್ಲದೆ ಹೋಗೋಕೆ ಡ್ರೈವರ್ ಬದಲಾಗೋದು ಹೇಗೆ ಅಂದ್ರೆ, ಕಲ್ಲಿದ್ದಲು ತುಂಬೋ ಟೆಂಡರಿನ ಒಳಗೆ ಒಬ್ಬ ಮನುಷ್ಯ ಬಗ್ಗಿ ನುಸುಳೋ ಅಷ್ಟು ಕಿರಿದಾದ ಓಣಿ ಮಾಡಿದ್ರು, ಅರ್ಧ ದಾರಿಯಲ್ಲಿ ಬೋಗಿಯಲ್ಲಿ ಕೂತಿದ್ದ ಇನ್ನೊಂದು ಜೋಡಿ ಅದರಲ್ಲಿ ನುಸುಳಿ ಇಂಜಿನ್ನಿಗೆ ಹೋಗೋದು. ಒಪ್ಪಂದ ಹೋದ ಮೇಲೆ 1937ರಲ್ಲಿ ಕೊರೊನೇಷನ್ ಅನ್ನೋ ಗಾಡಿ ಅದೇ ದಾರಿನ ಆರು ಗಂಟೆಗೆ ಮುಗಿಸ್ತು. ಯುದ್ಧ ಬಂದು ಅದೂ ನಿಂತು, 1962ರಲ್ಲಿ ಡೆಲ್ಟಿಕ್ ಡೀಸೆಲ್ ಇಂಜಿನ್ 3300 ಅಶ್ವಶಕ್ತಿಯಲ್ಲಿ ಮತ್ತೆ ಆರು ಗಂಟೆ ಮುಟ್ಟಿಸ್ತು. 1991ರಲ್ಲಿ ಕರೆಂಟ್ ಬಂದ ಮೇಲೆ ನಾಲ್ಕು ಗಂಟೆ, ಆ ವರ್ಷ ಸೆಪ್ಟೆಂಬರಲ್ಲಿ ಐದೇ ಬೋಗಿ ಕಟ್ಟಿ ಓಡಿಸಿದ ವಿಶೇಷ ಗಾಡಿ ಮೂರೂವರೆ ಗಂಟೆಯೊಳಗೆ ಎಡಿನ್‌ಬರಾ ಸೇರ್ತು. ಅಲ್ಲೂ ನೋಡಿ, ಬೋಗಿ ಕಮ್ಮಿ ಮಾಡಿದ್ದೇ.

ಪ್ರಶ್ನೆ (ಹೊಸನಗರ): ಹಳೇ ಗಾಡಿಗಳನ್ನ ಹೊಗಳ್ತೀರಿ. ಈಗಿನ ಗಾಡಿಗಳೇ ಜನಕ್ಕೆ ಅನುಕೂಲ ಅಲ್ವಾ?

ಉತ್ತರ: ಎಡಿನ್‌ಬರಾ–ಗ್ಲಾಸ್ಗೋ ಮಟ್ಟಿಗೆ ಅನುಕೂಲ ಅಂತ ಮೇಲೇ ಹೇಳಿದೆ. ಆದ್ರೆ ಉತ್ತರದ ಲೈನುಗಳ ಕತೆ ಬೇರೆ. 1990ರಲ್ಲಿ ಕ್ಲಾಸ್ 158 ಅಂತ ಎರಡು ಬೋಗಿಯ ಡೀಸೆಲ್ ಗಾಡಿ ಬಂತು, ಗಂಟೆಗೆ 145 ಕಿಲೋಮೀಟರ್, ಖರ್ಚು ಕಮ್ಮಿ, ಬೇಗ ಎದ್ದು ಓಡುತ್ತೆ. ಇಂಜಿನ್ ಮತ್ತು ಉದ್ದದ ರೇಕು ಇದ್ದ ಇನ್ವರ್ನೆಸ್, ಅಬರ್ಡೀನ್ ದಾರಿಗೂ ಇಂಥ ಚಿಕ್ಕ ಗಾಡಿ ಹಾಕಿದ್ರು. ಮೂರೂವರೆ ಗಂಟೆ ಪ್ರಯಾಣ, ಕಾಲಡಿಯಲ್ಲಿ ಡೀಸೆಲ್ ಇಂಜಿನ್ ಗುರ್ ಅನ್ನುತ್ತೆ, ಜಾಗ ಇಲ್ಲದೆ ಬಾಗಿಲ ಹತ್ರ ಸೂಟ್‌ಕೇಸ್ ಮೇಲೆ ಕೂತು ಹೋಗೋ ಜನ. ಟೈಮ್‌ಟೇಬಲಲ್ಲಿ ನಿಮಿಷ ಕಮ್ಮಿ ಕಂಡ್ರೂ ಅದನ್ನ ಒಳ್ಳೇ ಗಾಡಿ ಅಂತ ನಾನು ಒಪ್ಪಲ್ಲ. 2018ರಿಂದ ಹಳೇ ಇಂಟರ್‌ಸಿಟಿ 125 ಗಾಡಿಗಳನ್ನ, 1970ರ ದಶಕದವು, ರಿಪೇರಿ ಮಾಡಿ ನಾಲ್ಕೈದು ಬೋಗಿ ಕಟ್ಟಿ ಸ್ಕಾಟ್ಲೆಂಡಿನ ಏಳು ಊರುಗಳ ಮಧ್ಯೆ ಹಾಕಿದ್ರು. ನಾನು ಅದರಲ್ಲಿ ಇನ್ವರ್ನೆಸ್ ಕಡೆ ಹೋಗಿದ್ದು. ದೊಡ್ಡ ಕಿಟಕಿ, ಮೆತ್ತನೆ ಸೀಟು, ಇಂಜಿನ್ ಸದ್ದು ಎಲ್ಲೋ ದೂರ, ನಲವತ್ತು ವರ್ಷದ ಗಾಡಿ ಅಂತ ಅನ್ನಿಸ್ಲೇ ಇಲ್ಲ.

ನಿಮ್ಮ ಹೊಸನಗರದವರಿಗೂ ನೆನಪಿರಬಹುದು, ಶಿವಮೊಗ್ಗ–ತಾಳಗುಪ್ಪ ಲೈನಲ್ಲಿ ಮೀಟರ್ ಗೇಜಿನ ಕೊನೆ ಕಾಲದಲ್ಲಿ ರೈಲ್ ಬಸ್ ಓಡ್ತಿತ್ತು, ಬಸ್ಸಿಗೆ ರೈಲಿನ ಚಕ್ರ ಹಾಕಿದ ಹಾಗೆ ಇತ್ತು, ಅರಸಾಳು ಕಾಡಿನ ಮಧ್ಯೆ ಗಡಗಡ ಅಂತ ಬರೋದು. ಲೈನ್ ಮುಚ್ಚೇಬಿಡ್ತಾರೆ ಅಂತ ಎಲ್ರಿಗೂ ಭಯ ಇತ್ತು. ಆ ಒಂದು ಬಸ್ಸಾದ್ರೂ ಹಳಿ ಮೇಲೆ ಓಡ್ತಿದ್ದಿದ್ರಿಂದ ಲೈನ್ ಇದೆ ಅನ್ನೋದು ಜನರ ಮನಸ್ಸಲ್ಲಿ ಉಳೀತು, ಆಮೇಲೆ ಬ್ರಾಡ್ ಗೇಜ್ ಬಂತು, ಈಗ ತಾಳಗುಪ್ಪದಿಂದ ಬೆಂಗಳೂರಿಗೆ ಉದ್ದದ ಗಾಡಿ ಇದೆ. ಸ್ಕಾಟ್ಲೆಂಡಲ್ಲಿ ಎಡಿನ್‌ಬರಾದಿಂದ ಕಾರ್ಲೈಲಿಗೆ ಹೋಗ್ತಿದ್ದ ವೇವರ್ಲಿ ಲೈನಿಗೆ ಆ ಅದೃಷ್ಟ ಇರ್ಲಿಲ್ಲ. 1969ರ ಜನವರಿಯಲ್ಲಿ ಪೂರ್ತಿ ಮುಚ್ಚಿದ್ರು, ಕೊನೆ ಗಾಡಿ ಬಂದ ರಾತ್ರಿ ನ್ಯೂಕ್ಯಾಸಲ್ಟನ್ ಅನ್ನೋ ಹಳ್ಳಿ ಜನ ಲೆವೆಲ್ ಕ್ರಾಸಿಂಗ್ ಗೇಟ್ ಹಾಕಿ ಗಾಡಿನ ತಡೆದ್ರು, ಊರಿನ ಚರ್ಚಿನ ಪಾದ್ರಿಯನ್ನೇ ಪೊಲೀಸ್ರು ಹಿಡ್ಕೊಂಡು ಹೋದ್ರು. ಹಳಿ ಕಿತ್ತು ಹಾಕಿದ್ರು. 46 ವರ್ಷ ಆದ್ಮೇಲೆ, 2015ರ ಸೆಪ್ಟೆಂಬರಲ್ಲಿ, ಅದರ ಉತ್ತರದ ತುದಿಯ ಸುಮಾರು 50 ಕಿಲೋಮೀಟರ್ ಮಾತ್ರ ಮತ್ತೆ ಕಟ್ಟಿ ಓಡಿಸಿದ್ರು. ನ್ಯೂಕ್ಯಾಸಲ್ಟನ್ನಿಗೆ ಇವತ್ತಿಗೂ ರೈಲಿಲ್ಲ.

ಪ್ರಶ್ನೆ (ಗೋಪಾಳ, ಶಿವಮೊಗ್ಗ): ಅಲ್ಲಿ ಅತಿ ಉದ್ದದ ಗಾಡಿ ಎಷ್ಟು ಬೋಗಿದು?

ಉತ್ತರ: 16, ಕ್ಯಾಲೆಡೋನಿಯನ್ ಸ್ಲೀಪರ್. ಲಂಡನ್ನಿಂದ ಒಂದೇ ಗಾಡಿಯಾಗಿ ಹೊರಟು ಎಡಿನ್‌ಬರಾದಲ್ಲಿ ಮೂರು ತುಂಡಾಗಿ ಫೋರ್ಟ್ ವಿಲಿಯಂ, ಇನ್ವರ್ನೆಸ್, ಅಬರ್ಡೀನ್ ಕಡೆ ಹೋಗುತ್ತೆ. ನಮ್ಮ 20–22 ಬೋಗಿ ನೋಡಿದ ಕಣ್ಣಿಗೆ ಚಿಕ್ಕದೇ.

ಪ್ರಶ್ನೆ (ಕುಂಸಿ): ಮುಂಚೆ ನಮ್ಮ ಲೈನಲ್ಲಿ ಬೆತ್ತದ ಬಳೆ ಕೊಟ್ಟು ತಗೊಳ್ತಿದ್ರಲ್ಲ, ಸ್ಕಾಟ್ಲೆಂಡಿನ ಒಂಟಿ ಲೈನುಗಳಲ್ಲಿ ಅದಕ್ಕಾಗಿ ಎಕ್ಸ್‌ಪ್ರೆಸ್ಸೂ ನಿಧಾನ ಆಗ್ಬೇಕಿತ್ತಾ?

ಉತ್ತರ: ಟೋಕನ್ ಬಗ್ಗೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಒಂಟಿ ಲೈನಲ್ಲಿ ಎದುರಾಬದುರಾ ಎರಡು ಗಾಡಿ ಬರಬಾರ್ದು ಅಂತ, ಎರಡು ಸ್ಟೇಷನ್ ಮಧ್ಯೆ ಹೋಗೋ ಡ್ರೈವರ್ ಕೈಯಲ್ಲಿ ಒಂದು ಟೋಕನ್ ಇರ್ಲೇಬೇಕು. ನಮ್ಮಲ್ಲಿ ಅದು ಕಬ್ಬಿಣದ ಗುಂಡು, ಚರ್ಮದ ಚೀಲದಲ್ಲಿ ಹಾಕಿ ಬೆತ್ತದ ಬಳೆಗೆ ಕಟ್ಟಿರೋರು. ಗಾಡಿ ಸ್ಟೇಷನ್ ದಾಟುವಾಗ ಡ್ರೈವರ್ ಹಳೇ ಬಳೆ ಎಸೀಬೇಕು, ಕೆಳಗೆ ನಿಂತೋನು ಎತ್ತಿ ಹಿಡಿದ ಹೊಸ ಬಳೆಗೆ ತೋಳು ಹಾಕಿ ಎತ್ಕೋಬೇಕು.

ಅಲ್ಲಿನ ಹಳೇ ಲೈನುಗಳಲ್ಲೂ ಮೊದಲು ಇದೇ ಕೈಕೆಲಸ, ಎಕ್ಸ್‌ಪ್ರೆಸ್ಸೂ ಪ್ರತಿ ಸ್ಟೇಷನ್ನಿಗೆ ನಿಧಾನ ಆಗ್ಬೇಕಿತ್ತು, ಆಗದೆ ಹೋದ್ರೆ ಕೈಗೆ ಪೆಟ್ಟು. ಉತ್ತರ ಸ್ಕಾಟ್ಲೆಂಡಿನ ಗ್ರೇಟ್ ನಾರ್ತ್ ರೈಲ್ವೆಯಲ್ಲಿ ಜೇಮ್ಸ್ ಮ್ಯಾನ್ಸನ್ ಅನ್ನೋ ಇಂಜಿನಿಯರ್ 1880ರ ದಶಕದ ಕೊನೆಯಲ್ಲಿ ಒಂದು ಯಂತ್ರ ಮಾಡಿದ, ಇಂಜಿನ್ ಪಕ್ಕದಲ್ಲಿ ಒಂದು ಕೊಂಡಿ, ಹಳಿ ಪಕ್ಕದ ಕಂಬದಲ್ಲಿ ಒಂದು ಕೊಂಡಿ, ಗಾಡಿ ಓಡ್ತಿರೋ ಹಾಗೇ ಟೋಕನ್ ಅದಲುಬದಲು ಆಗೋದು. ಹೈಲೆಂಡ್ ಲೈನಲ್ಲಿ ಎಕ್ಸ್‌ಪ್ರೆಸ್ಸುಗಳು ನಿಲ್ಲದೆ ದಾಟೋಕೆ ಅಂಥ ಯಂತ್ರಗಳೇ ಕಾರಣ. 1984ರಲ್ಲಿ ಕೈಲ್ ಅನ್ನೋ ಕಡಲ ದಡದ ಊರಿನ ಲೈನಲ್ಲಿ ಟೋಕನ್ನನ್ನ ರೇಡಿಯೋದಲ್ಲೇ ಕಳಿಸೋ ಪದ್ಧತಿ ಬಂತು, ಡ್ರೈವರ್ ಎದುರಿನ ಪರದೆಯಲ್ಲಿ ಟೋಕನ್ ಹೆಸರು ಮೂಡುತ್ತೆ ಅಷ್ಟೆ.

ಅಪ್ಪನ ಬಲತೋಳಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಅಡ್ಡಕ್ಕೆ ಒಂದು ಕಪ್ಪು ಗೆರೆ ಇತ್ತು. ಮಳೆಗಾಲದ ಒಂದು ರಾತ್ರಿ ಸ್ಟೇಷನ್ ದಾಟ್ತಿದ್ದ ಗಾಡಿಯ ಡ್ರೈವರ್ ಎಸೆದ ಬಳೆ, ನೆನೆದು ಭಾರವಾದ ಬೆತ್ತ, ಒಳಗೆ ಗುಂಡು ಬೇರೆ, ಲಾಟೀನಿನ ಬೆಳಕಲ್ಲಿ ಕಾಣದೆ ತೋಳಿಗೆ ಬಡಿದಿದ್ದು. ಎರಡು ವಾರ ಎಡಗೈಯಲ್ಲೇ ಊಟ ಮಾಡಿದ್ರು. ಮ್ಯಾನ್ಸನ್ ಆ ಯಂತ್ರಕ್ಕೆ ಪೇಟೆಂಟ್ ತಗೊಳ್ಳಲಿಲ್ಲ, ಕೆಲಸಗಾರರ ಕೈ ಉಳೀಲಿ, ಯಾವ ರೈಲ್ವೆ ಬೇಕಾದ್ರೂ ದುಡ್ಡು ಕೊಡದೆ ಮಾಡ್ಕೊಳ್ಳಲಿ ಅಂತ ಬಿಟ್ಟುಕೊಟ್ಟ. ಅದನ್ನ ಓದಿದ ದಿನ ಅಪ್ಪನಿಗೆ ಹೇಳಿದ್ದೆ. ಅವರು ತೋಳು ಸವರ್ಕೊಂಡು, ಆ ಪುಣ್ಯಾತ್ಮ ಯಾವ ಊರಿನೋನು ಅಂತ ಇನ್ನೊಂದ್ಸಲ ಕೇಳಿದ್ರು.